ಮಗಳು ಮಾಂಗಾ ಬಿಟ್ಟು ಬೇರೇನೂ ಓದುವುದಿಲ್ಲ, ತಡೆಯಬೇಕಾ?

ನಿಮ್ಮ ಮಗಳಿಗೆ ಹನ್ನೊಂದು ವರ್ಷ. ಕಥೆ ಪುಸ್ತಕ ಕೊಟ್ಟರೆ ಎರಡು ಪುಟಕ್ಕೇ ಮುಚ್ಚಿಡುತ್ತಾಳೆ, ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್, ಸಿಕ್ಕರೆ ಊಟಕ್ಕೂ ಏಳುವುದಿಲ್ಲ. ಇದು ನಿಜವಾದ ಓದಾ, ಬಿಡಿಸಬೇಕಾ, ಇದರಿಂದ ಕನ್ನಡಕ್ಕೇನಾದರೂ ಲಾಭ ಇದೆಯಾ ಅಂತ ಕೇಳಿದ್ದೀರಿ. ಬಿಡಿಸಬೇಡಿ. ಇನ್ನೂ ನಾಲ್ಕು ತಂದುಕೊಡಿ. ನಾನು ನಮ್ಮ ಬಡಾವಣೆಯಲ್ಲಿ ಮಕ್ಕಳ ಸಣ್ಣ ಲೈಬ್ರರಿಯೊಂದನ್ನು ನೋಡಿಕೊಳ್ಳುತ್ತೇನೆ. ಅಪ್ಪ ಅಮ್ಮಂದಿರು ಅತಿ ಹೆಚ್ಚು ಕೇಳುವ ಪ್ರಶ್ನೆಯೇ ಇದು.

"ಸುಮ್ನೆ ಚಿತ್ರ ನೋಡ್ತಾಳೆ ಅಷ್ಟೇ" ಅಂತ ಅನ್ನಿಸುವುದು ಸಹಜ. ಆದರೆ ಒಂದು ಪುಟವನ್ನು ಹತ್ತಿರದಿಂದ ನೋಡಿ. ಒಂದು ಚೌಕದಲ್ಲಿ ಹುಡುಗನ ಮೊಣಕೈ ಮೇಜಿನ ಅಂಚಲ್ಲಿರುವ ಲೋಟಕ್ಕೆ ತಾಗುತ್ತಿದೆ. ಮುಂದಿನ ಚೌಕದಲ್ಲಿ ಪಕ್ಕದ ಕೋಣೆಯಲ್ಲಿರುವ ಅಮ್ಮ ತಟ್ಟನೆ ತಿರುಗಿದ್ದಾಳೆ. ಲೋಟ ಬಿತ್ತು ಅಂತ ಎಲ್ಲೂ ಬರೆದಿಲ್ಲ, ಬಿದ್ದ ಚಿತ್ರವೂ ಇಲ್ಲ. ಆದರೂ ಬಿತ್ತು, ಒಡೆಯಿತು, ಅಮ್ಮನಿಗೆ ಕೇಳಿಸಿತು ಅಂತ ಓದುವ ಮಗುವಿಗೆ ಗೊತ್ತಾಗುತ್ತದೆ. ಎರಡು ಚೌಕಗಳ ನಡುವಿನ ಬಿಳಿ ಜಾಗದಲ್ಲಿ ಏನಾಯಿತು ಅನ್ನುವುದನ್ನು ಅದು ತಾನೇ ಊಹಿಸಿಕೊಂಡಿದೆ. ಪ್ರತಿ ಪುಟದಲ್ಲೂ ಐದಾರು ಸಲ ಈ ಕೆಲಸ ನಡೆಯುತ್ತದೆ. ಅಮೆರಿಕದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಮಾಡಿದರು. ಈ ಖಾಲಿ ಜಾಗಕ್ಕೆ ಅದರಲ್ಲಿ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ.

ಇನ್ನು ಪದಗಳ ವಿಷಯ. ಹೇಯ್ಸ್ ಮತ್ತು ಆರೆನ್ಸ್ ಅನ್ನುವ ಇಬ್ಬರು ಸಂಶೋಧಕರು 1988ರಲ್ಲಿ ಇಂಗ್ಲಿಷ್ ಬರಹ ಮತ್ತು ಮಾತಿನಲ್ಲಿ ಅಪರೂಪದ ಪದಗಳು ಎಷ್ಟಿರುತ್ತವೆ ಅಂತ ಲೆಕ್ಕ ಹಾಕಿದರು. ಕಾಲೇಜು ಓದಿದ ದೊಡ್ಡವರು ತಮ್ಮತಮ್ಮಲ್ಲಿ ಆಡುವ ಮಾತಿನಲ್ಲಿ ಸಾವಿರಕ್ಕೆ 17.3. ಮಕ್ಕಳ ಪುಸ್ತಕಗಳಲ್ಲಿ 30.9. ಕಾಮಿಕ್ಸ್‌ನಲ್ಲಿ 53.5! ಅದು ಆ ಕಾಲದ ಇಂಗ್ಲಿಷ್ ಕಾಮಿಕ್ಸ್‌ನ ಲೆಕ್ಕ, ಎಲ್ಲ ಮಾಂಗಾಕ್ಕೂ ಹಾಗೇ ಅನ್ವಯಿಸುವುದಿಲ್ಲ ನಿಜ. ಆದರೆ ಚಿತ್ರ ಇದ್ದರೆ ಪದ ಕಮ್ಮಿ, ಸುಲಭ ಅನ್ನುವ ನಂಬಿಕೆಯನ್ನಂತೂ ಬಿಡಬಹುದು ಅಲ್ವಾ?

ಜಪಾನಿನವರು ಮಾಡಿರುವ ಒಂದು ಏರ್ಪಾಡು ನನಗೆ ತುಂಬಾ ಇಷ್ಟ. ಅವರ ಕಾಂಜಿ ಲಿಪಿಯಲ್ಲಿ ಶಾಲೆ ಮುಗಿಸುವಷ್ಟರಲ್ಲಿ ಕಲಿಯಬೇಕಾದ ಅಕ್ಷರಗಳೇ ಎರಡು ಸಾವಿರ ದಾಟುತ್ತವೆ. ಹತ್ತು ವರ್ಷದ ಮಗುವಿಗೆ ಅವೆಲ್ಲ ಎಲ್ಲಿಂದ ಬರಬೇಕು? ಅದಕ್ಕೆ ಚಿಕ್ಕವರ ಮಾಂಗಾದಲ್ಲಿ ಪ್ರತಿ ಕಾಂಜಿಯ ಪಕ್ಕದಲ್ಲೂ ಅದನ್ನು ಹೇಗೆ ಉಚ್ಚರಿಸಬೇಕು ಅಂತ ಸರಳ ಅಕ್ಷರಗಳಲ್ಲಿ ಪುಟ್ಟದಾಗಿ ಅಚ್ಚು ಹಾಕಿರುತ್ತಾರೆ. ಫುರಿಗಾನ ಅಂತಾರೆ. ಮಗು ಕಥೆ ನಿಲ್ಲಿಸಿ ಯಾರನ್ನೂ ಕೇಳಬೇಕಾಗಿಲ್ಲ. ಅರ್ಥಕ್ಕೆ ಚಿತ್ರ ಇದೆ, ಉಚ್ಚಾರಕ್ಕೆ ಫುರಿಗಾನ ಇದೆ. ತನ್ನ ತರಗತಿಗಿಂತ ಮುಂದಿನ ಅಕ್ಷರಗಳನ್ನೂ ಓದುತ್ತಾ ಹೋಗುತ್ತದೆ. ಓದು ತಡವರಿಸುವ ಮಕ್ಕಳಿಗೆ ಬೇಕಾದದ್ದು ಇದೇ. ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಪಾಠ ಓದಿಸಿದರೆ ಒಂದೊಂದೇ ಅಕ್ಷರ ಕೂಡಿಸುತ್ತಿದ್ದ. ಕಾಮಿಕ್ಸ್ ಕೈಗೆ ಕೊಟ್ಟಾಗ ರಾಕ್ಷಸನ ಮಾತನ್ನು ದನಿ ದಪ್ಪ ಮಾಡಿಕೊಂಡು ಗಟ್ಟಿಯಾಗಿ ಓದಿದ. ಮುಖ ಸಿಟ್ಟಾಗಿದೆ ಅಂತ ಚಿತ್ರ ಮೊದಲೇ ಹೇಳಿತ್ತು, ಮಾತು ಹೇಗಿರಬಹುದು ಅಂತ ಅವನಿಗೆ ಅಂದಾಜು ಸಿಕ್ಕಿತ್ತು.

ಈ ಭಯ ಹಳೆಯದು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಅನ್ನುವ ಮನೋವೈದ್ಯರು ಕಾಮಿಕ್ಸ್ ಮಕ್ಕಳನ್ನು ಕೆಡಿಸುತ್ತದೆ ಅಂತ ಬರೆದು ಅಮೆರಿಕದಲ್ಲಿ ದೊಡ್ಡ ಗದ್ದಲ ಎಬ್ಬಿಸಿದರು. ಅವರು ತಮ್ಮ ಪುರಾವೆಗಳನ್ನು ತಿರುಚಿದ್ದರು ಅಂತ ಕ್ಯಾರಲ್ ಟಿಲ್ಲಿ ಅನ್ನುವ ಸಂಶೋಧಕಿ 2012ರಲ್ಲಿ ತೋರಿಸಿಕೊಟ್ಟರು. ನಮ್ಮ ಕಡೆ ನೋಡಿದರೆ, ಡಿಂಗನಿಗಾಗಿ ಬಾಲಮಂಗಳ ಕಾದು ಓದಿದವರು, ಅಮರ ಚಿತ್ರ ಕಥೆ ಹಂಚಿಕೊಂಡು ಓದಿದವರು ಎಷ್ಟು ಜನ ಇಲ್ಲ! ಅಮರ ಚಿತ್ರ ಕಥೆಯ ಸಂಪಾದಕರಾಗಿದ್ದ ಅನಂತ ಪೈ ನಮ್ಮ ಕಾರ್ಕಳದವರು. ಆ ಮಾಲಿಕೆಯ ಮೊದಲ 10 ಸಂಚಿಕೆಗಳು ಬಂದದ್ದೂ ಕನ್ನಡದಲ್ಲೇ. ಇಂಗ್ಲಿಷಿನ ಸಂಖ್ಯೆ 11ರಿಂದ ಶುರುವಾಗಿದ್ದು ಅದಕ್ಕೇ.

ಒಂದು ಕಡೆ ಮಾತ್ರ ಕಣ್ಣಿಡಬೇಕು. ಮಾಂಗಾ ಅಂದರೆ ಮಕ್ಕಳದ್ದು ಅಂತಲ್ಲ. ಜಪಾನಿನಲ್ಲಿ ಎಲ್ಲ ವಯಸ್ಸಿನವರಿಗೂ ಬೇರೆ ಬೇರೆ ಮಾಂಗಾ ಇದೆ. ಶೋನೆನ್, ಶೋಜೋ ಅಂದರೆ ಹುಡುಗ ಹುಡುಗಿಯರಿಗೆ, ಸೇನೆನ್, ಜೋಸೇ ಅಂದರೆ ದೊಡ್ಡವರಿಗೆ. ಇಂಗ್ಲಿಷ್ ಅನುವಾದಗಳ ಹಿಂಬದಿ ರಟ್ಟಿನ ಮೇಲೆ ಸಾಮಾನ್ಯವಾಗಿ ವಯಸ್ಸಿನ ಗುರುತು ಇರುತ್ತದೆ. ಅದನ್ನು ನೋಡಿ ಕೊಳ್ಳಿ. ಶೋನೆನ್ ಅಂತ ಇದ್ದರೂ ಹೊಡೆದಾಟ, ರಕ್ತ ಜಾಸ್ತಿ ಇರಬಹುದು, ಮೊದಲ ಸಂಪುಟವನ್ನು ನೀವೂ ಓದಿಬಿಡಿ. ನಿಮ್ಮ ಮಗಳ ವಯಸ್ಸಿಗೆ ನಾನು ಕಣ್ಣು ಮುಚ್ಚಿ ಕೊಡುವುದು ಕಿಯೋಹಿಕೊ ಅಜುಮಾ ಅವರ "ಯೊತ್ಸುಬಾ". ಹೊಸ ಊರಿಗೆ ಬಂದ ಐದು ವರ್ಷದ ಹುಡುಗಿ. ಉಯ್ಯಾಲೆ ನೋಡಿದರೂ ಆಶ್ಚರ್ಯ, ಕರೆಗಂಟೆ ನೋಡಿದರೂ ಆಶ್ಚರ್ಯ. ದೊಡ್ಡವರೂ ಖುಷಿಯಾಗಿ ಓದಬಹುದು. ಚೌಕಗಳನ್ನು ಬಲದಿಂದ ಎಡಕ್ಕೆ ಓದಬೇಕು, ಮಗಳ ಹತ್ತಿರವೇ ಹೇಳಿಸಿಕೊಳ್ಳಿ. ಅಪ್ಪ ಅಮ್ಮನಿಗೆ ಓದು ಕಲಿಸುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ.

"ಒಂದು ಒಳ್ಳೆ ಪುಸ್ತಕ ಓದಿದರೆ ಒಂದು ಮಾಂಗಾ" ಅನ್ನುವ ಒಪ್ಪಂದ ಮಾತ್ರ ಬೇಡ. ಪುಸ್ತಕ ಶಿಕ್ಷೆ, ಮಾಂಗಾ ಬಹುಮಾನ ಅಂತ ಅವಳಿಗೆ ನೀವೇ ಕಲಿಸಿದಂತಾಗುತ್ತದೆ. ಓದಿದ್ದನ್ನೇ ಮತ್ತೆ ಮತ್ತೆ ಓದಿದರೂ ಬೈಯಬೇಡಿ. ಮೊದಲ ಸಲ ಕಥೆಯ ಹಿಂದೆ ಓಡಿರುತ್ತಾಳೆ, ಎರಡನೇ ಸಲ ಮೂಲೆಯಲ್ಲಿ ಕೂತ ಬೆಕ್ಕೂ ಕಾಣಿಸುತ್ತದೆ.

ಕನ್ನಡಕ್ಕೆ ನಾನು ಮಾಡಿಸುವುದು ಇದು. ಜಪಾನಿನಲ್ಲಿ ಯೊಂಕೋಮ ಅಂತ ನಾಲ್ಕೇ ಚೌಕದ ಕಾಮಿಕ್ಸ್ ಇದೆ. ಒಂದು ಹಾಳೆಯನ್ನು ನಾಲ್ಕಾಗಿ ಮಡಚಿ ಕೊಡಿ. ಮೊದಲ ಚೌಕದಲ್ಲಿ ಶುರು, ಎರಡರಲ್ಲಿ ಮುಂದುವರಿಕೆ, ಮೂರರಲ್ಲಿ ತಿರುವು, ನಾಲ್ಕರಲ್ಲಿ ಮುಗಿತಾಯ. ಇವತ್ತು ಮನೆಯಲ್ಲಿ ನಡೆದ ಯಾವುದಾದರೂ ಸಣ್ಣ ಜಗಳ ಸಾಕು. ಮಾತೆಲ್ಲ ಕನ್ನಡದಲ್ಲಿ, ಮನೆಯಲ್ಲಿ ಆಡುವ ಹಾಗೇ ಇರಲಿ. ಕಾಗುಣಿತ ತಪ್ಪಿದ್ದರೆ ಆ ಹಾಳೆಯ ಮೇಲೆ ಮಾತ್ರ ಕೆಂಪು ಪೆನ್ನು ಆಡಿಸಬೇಡಿ. ಅಜ್ಜಿಗೋ ಪಕ್ಕದ ಮನೆ ಗೆಳತಿಗೋ ಓದಿ ತೋರಿಸಲು ಹೇಳಿ. ಓದುವಾಗ ಎಡವಿದ ಜಾಗವನ್ನು ಮಕ್ಕಳು ತಾವೇ ರಬ್ಬರ್ ತಗೊಂಡು ಸರಿ ಮಾಡಿಕೊಳ್ಳುತ್ತಾರೆ.