ಓದುಗರ ಪ್ರಶ್ನೆಗೆ ಉತ್ತರ: ಸೋಲೇ ಇಲ್ಲದ ತನಾಕಾ, 160 ಎಸೆತದ ಆ ರಾತ್ರಿ

ಪ್ರಶ್ನೆ: ಸಾರ್, ಜಪಾನಲ್ಲಿ ಯಾರೋ ಬೇಸ್‌ಬಾಲ್ ಬೌಲರು ಇಡೀ ಸೀಸನ್ ಒಂದೂ ಮ್ಯಾಚ್ ಸೋತಿಲ್ವಂತೆ. ನಿಜಾನಾ, ವಾಟ್ಸಾಪ್ ಕಥೆನಾ? (ಒಬ್ಬ ಓದುಗರು, ಹಾಸನ)

ಉತ್ತರ: ನಿಜ ಕಣ್ರೀ. 2013ರ ಮಾತು. ಮಸಾಹಿರೊ ತನಾಕಾ, ಸೆಂಡೈ ಊರಿನ ರಾಕುಟೆನ್ ಈಗಲ್ಸ್ ಟೀಮು. ಬೇಸ್‌ಬಾಲಲ್ಲಿ ಪ್ರತಿ ಮ್ಯಾಚಿನ ಗೆಲುವು ಸೋಲನ್ನ ಒಬ್ಬೊಬ್ಬ ಪಿಚರ್ (ಬಾಲ್ ಎಸೆಯೋನು, ನಮ್ಮ ಬೌಲರ್ ಥರ) ಹೆಸರಿಗೂ ಬರೀತಾರೆ, ಹಂಗೆ ಲೀಗಲ್ಲಿ ಇವನ ಹೆಸರಿಗೆ 24 ಗೆಲುವು, ಸೋಲು ಸೊನ್ನೆ. ಒಂಬತ್ತು ಇನಿಂಗ್ಸಿಗೆ, ಅಂದ್ರೆ ಒಂದು ಪೂರ್ತಿ ಮ್ಯಾಚಿಗೆ, ಸರಾಸರಿ ಬಿಟ್ಟುಕೊಟ್ಟಿದ್ದು ಬರೀ 1.27 ರನ್ನು.

ಟೀಮಾದ್ರೂ ಎಂಥದ್ದು ಅಂತೀರಿ. 2004ರಲ್ಲಿ ಎರಡು ಹಳೇ ಟೀಮು ಸೇರಿಸಿ ಒಂದು ಮಾಡ್ತೀವಿ ಅಂತ ಮಾಲೀಕರು ಹೊರಟಾಗ ಆಟಗಾರರು ಸ್ಟ್ರೈಕ್ ಮಾಡಿದ್ರು, ಆ ಗಲಾಟೆಯಿಂದ ಹುಟ್ಟಿದ ಹೊಸ ಟೀಮು ಇದು. ಮೊದಲನೇ ವರ್ಷವೇ 97 ಸೋಲು! ಆಮೇಲೆ 2011ರಲ್ಲಿ ಭೂಕಂಪ, ಸುನಾಮಿ, ಸ್ಟೇಡಿಯಂ ಡ್ಯಾಮೇಜು, ಹೋಂ ಮ್ಯಾಚಿಗೂ ಬೇರೆ ಊರಿಗೆ ಹೋಗ್ಬೇಕಾಯ್ತು, ಏಪ್ರಿಲ್ ಕೊನೆಗೆ ವಾಪಸ್ ಬಂದ್ರು. ಹಿಂಗಿದ್ದೋರು ಎರಡೇ ವರ್ಷಕ್ಕೆ ಜಪಾನಿನ ಎರಡು ಲೀಗಲ್ಲಿ ಒಂದಾದ ಪೆಸಿಫಿಕ್ ಲೀಗ್ ಗೆದ್ದು ಫೈನಲ್ಲಿಗೆ, ಅಂದ್ರೆ ಜಪಾನ್ ಸೀರೀಸಿಗೆ ಬಂದ್ರು. ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಯೊಮಿಯುರಿ ಜೈಂಟ್ಸ್, ದುಡ್ಡಿಗೂ ಹೆಸರಿಗೂ ಬರ ಇಲ್ಲದ ಟೋಕಿಯೊ ಟೀಮು.

ಏಳು ಮ್ಯಾಚಲ್ಲಿ ನಾಲ್ಕು ಗೆದ್ದೋರಿಗೆ ಕಪ್ಪು. ಐದಾಗೋಷ್ಟರಲ್ಲಿ ರಾಕುಟೆನ್ 3-2 ಮುಂದೆ. ನವೆಂಬರ್ 2, ಆರನೇ ಮ್ಯಾಚು, ತನಾಕಾ ಇಳಿದ, ಎಲ್ಲರೂ ಇವತ್ತೇ ಮುಗೀತು ಅಂದ್ಕೊಂಡ್ರು, ಆದ್ರೆ ಆ ವರ್ಷದ ಮೊದಲನೇ ಸೋಲು ಅವತ್ತೇ ಬರಬೇಕಾ, 4-2! ಅದಕ್ಕಿಂತ ಹೆಚ್ಚಾಗಿ, ಅವನೊಬ್ಬನೇ 160 ಎಸೆತ ಹಾಕಿದ್ದ. ನಮ್ಮ ಲೆಕ್ಕದಲ್ಲಿ 26 ಓವರಿಗೂ ಜಾಸ್ತಿ. ಅಷ್ಟು ಹಾಕಿದ ಪಿಚರ್‌ಗೆ ಹೆಚ್ಚುಕಮ್ಮಿ ಒಂದು ವಾರ ರೆಸ್ಟ್ ಕೊಡೋದು ಅಲ್ಲಿನ ಪದ್ಧತಿ.

ಮಾರನೇ ದಿನ ಏಳನೇ ಮ್ಯಾಚು. ಮಳೆ ಬೇರೆ. ರಾಕುಟೆನ್ ಪಿಚರುಗಳಾದ ಮಿಮಾ, ಆಮೇಲೆ ನೊರಿಮೊತೊ ಸೇರಿ ಎಂಟು ಇನಿಂಗ್ಸ್ ಜೈಂಟ್ಸಿಗೆ ಒಂದೂ ರನ್ ಕೊಟ್ಟಿಲ್ಲ, 3-0. ಒಂಬತ್ತನೇ ಇನಿಂಗ್ಸಿಗೆ ಮ್ಯಾನೇಜರ್ ಹೊಶಿನೊ ಯಾರನ್ನ ಕಳಿಸಿದ್ರು ಅಂದ್ರೆ ಅದೇ ತನಾಕಾನ! ಇನ್ನೂ 15 ಎಸೆತ, ಕೊನೆ ಬ್ಯಾಟರ್ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್), ರಾಕುಟೆನ್‌ಗೆ ಮೊದಲನೇ ಕಪ್ಪು. ನನ್ನ ಕೇಳಿದ್ರೆ ಆಟದ ಲೆಕ್ಕದಲ್ಲಿ ಅದು ಬೇಕಿರಲಿಲ್ಲ, ನೊರಿಮೊತೊನೇ ಮುಗಿಸ್ತಿದ್ದನೇನೋ, 25 ವರ್ಷದ ಹುಡುಗನ ಭುಜದ ಜೊತೆ ಜೂಜಾಡೋದಾ? ಆದ್ರೆ ಸುನಾಮಿ ನೋಡಿದ ಊರಲ್ಲಿ ಬೇರೆಯವನ ಕೈಯಿಂದ ಮುಗಿಸೋ ಮನಸ್ಸು ಹೊಶಿನೊಗೂ ಬಂದಿರಲಿಕ್ಕಿಲ್ಲ ಬಿಡಿ. ಮುಂದಿನ ವರ್ಷ ತನಾಕಾ ನ್ಯೂಯಾರ್ಕ್ ಯಾಂಕೀಸಿಗೆ ಹೋದ, ಏಳು ವರ್ಷಕ್ಕೆ 15.5 ಕೋಟಿ ಡಾಲರ್.

ಪ್ರಶ್ನೆ: ಅದೇ ವರ್ಷ ಬಾಲನ್ನೇ ಗುಟ್ಟಾಗಿ ಚೇಂಜ್ ಮಾಡಿದ್ರಂತೆ? (ಓದುಗರು, ಮೈಸೂರು)

ಉತ್ತರ: ಹೌದು, ಅದೊಂದು ರಾಮಾಯಣ. ಹಿಂದಿನ ವರ್ಷ ಎರಡೂ ಲೀಗ್ ಸೇರಿ 881 ಹೋಂ ರನ್ (ನಮ್ಮ ಸಿಕ್ಸರ್ ಥರದ ಹೊಡೆತ), 2013ರಲ್ಲಿ ಇದ್ದಕ್ಕಿದ್ದಂಗೆ 1311. ಲೀಗ್ ನಡೆಸೋರು ಬಾಲ್ ಅದೇ ಅದೇ ಅಂತ ಹೇಳ್ಕೊಂಡು ಬಂದು ಜೂನಲ್ಲಿ ಒಪ್ಕೊಂಡ್ರು, ಜಾಸ್ತಿ ಚಿಮ್ಮೋ ಬಾಲ್ ಮಾಡ್ಸಿದೀವಿ ಅಂತ. ಜಪಾನ್ ಬೇಸ್‌ಬಾಲಿನ ಮುಖ್ಯಸ್ಥ, ಕಮಿಷನರ್ ಕಾತೊ ನಂಗೇನೂ ಗೊತ್ತಿಲ್ಲ ಅಂದ್ರು, ಬಾಲ್ ಮೇಲೆ ಅವರದ್ದೇ ಸಹಿ! ಕೊನೆಗೆ ಕುರ್ಚಿ ಬಿಟ್ರು. ಅದೇ ವರ್ಷ ಯಾಕುಲ್ಟ್ ಟೀಮಿನ ಬಾಲೆಂಟಿನ್ 60 ಹೋಂ ರನ್ ಹೊಡೆದು, 1964ರಲ್ಲಿ ಸದಹರು ಓ ಅನ್ನೋ ಆಟಗಾರ ಮಾಡಿದ್ದ 55ರ ರೆಕಾರ್ಡ್ ಮುರಿದ. ಟೀಮು ಮಾತ್ರ ಲೀಗಲ್ಲಿ ಕಡೇ ಸ್ಥಾನ. ಬಾಲಿಂದಾನೇ ಆಯ್ತು ಅನ್ನೋರಿಗೆ ನನ್ನ ಉತ್ತರ, ಆ ಬಾಲು ಉಳಿದೋರಿಗೂ ಸಿಕ್ಕಿತ್ತಲ್ಲ. ಅದೇ ಬಾಲಲ್ಲೇ ತನಾಕಾ 1.27 ತಂದಿದ್ದು.

ಪ್ರಶ್ನೆ: ಬೇಸ್‌ಬಾಲಲ್ಲಿ ಡ್ರಾ ಉಂಟಾ ಮಾರಾಯ್ರೆ? (ಓದುಗರು, ಪುತ್ತೂರು)

ಉತ್ತರ: ಅಮೆರಿಕದಲ್ಲಿ ರಿಸಲ್ಟ್ ಬರೋ ತನಕ ಆಡಿಸ್ತಾರೆ, ಜಪಾನ್ ಲೀಗಲ್ಲಿ 12 ಇನಿಂಗ್ಸಿಗೆ ಸಮ ಆದ್ರೆ ಡ್ರಾ. ಭೂಕಂಪದ ವರ್ಷ ಕರೆಂಟ್ ಉಳಿಸೋಕೆ ಅಂತ ಮೂರೂವರೆ ಗಂಟೆ ಆದ್ಮೇಲೆ ಹೊಸ ಇನಿಂಗ್ಸ್ ಶುರು ಮಾಡಂಗಿಲ್ಲ ಅಂತ ರೂಲ್ ತಂದಿದ್ರು, ಡ್ರಾ ಅಂದ್ರೆ ಡ್ರಾ ಆ ವರ್ಷ.