ಹತ್ತನೇ ತರಗತಿ ಇಂಗ್ಲಿಷ್‌ನ ಫಿಗರ್ಸ್ ಆಫ್ ಸ್ಪೀಚ್ ಬಾಯಿಪಾಠ ಮಾಡಲು ಸುಲಭ ಸೂತ್ರ ಇದೆಯಾ?

'ಲೈಕ್', 'ಆ್ಯಸ್' ಕಂಡರೆ ಸಿಮಿಲಿ (ನಮ್ಮ ಉಪಮೆ, ಒಂದನ್ನು ಇನ್ನೊಂದಕ್ಕೆ ಹೋಲಿಸುವುದು) ಅಂತ ಬರೆದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಲದು. ಇದೇ ಸೂತ್ರ ನಂಬಿ ನಾನು ಪೆಟ್ಟು ತಿಂದಿದ್ದೇನೆ.

ಏಳನೇ ತರಗತಿವರೆಗೆ ನಾನು ಓದಿದ್ದು ಕನ್ನಡ ಮಾಧ್ಯಮ. ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದೆ. ಭಯಕ್ಕೆ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಇಂಥ ಸೂತ್ರಗಳ ಪಟ್ಟಿ ಮಾಡಿಕೊಂಡಿದ್ದೆ. ಹತ್ತರಲ್ಲಿ ಷೇಕ್ಸ್‌ಪಿಯರ್ ನಾಟಕದ ನಾಯಕಿ ಪೋರ್ಷಿಯಾ ದಯೆಯ ಬಗ್ಗೆ ಆಡುವ ಮಾತು ಪದ್ಯವಾಗಿತ್ತು. ದಯೆ ಆಕಾಶದಿಂದ ಮೆಲ್ಲಗೆ ಬೀಳುವ ಮಳೆಯಂತೆ ಇಳಿಯುತ್ತದೆ ಅನ್ನುವ ಸಾಲು. 'ಆ್ಯಸ್' ಇದೆ, ಸಿಮಿಲಿ. ಪಟ್ಟಿ ಸರಿ ಹೋಯಿತು, ನನಗೂ ಧೈರ್ಯ ಬಂತು.

ಪ್ರಿಪರೇಟರಿ ಪರೀಕ್ಷೆಯಲ್ಲಿ ಪಠ್ಯದಲ್ಲಿಲ್ಲದ ಪದ್ಯ ಕೊಟ್ಟರು. 'ಆ್ಯಸ್ ದ ರೇನ್ ಫೆಲ್, ದ ಓಲ್ಡ್ ಹೌಸ್ ವೆಪ್ಟ್' ಅಂತ ಒಂದು ಸಾಲು. ಆ್ಯಸ್ ಇದೆ, ಮಳೆಯೂ ಇದೆ. ಯೋಚಿಸದೆ ಸಿಮಿಲಿ ಅಂತ ಬರೆದೆ. ಮುಂದಿನ ಪ್ರಶ್ನೆ, ಕವಿಗೆ ಮನೆ ಹೇಗೆ ಕಂಡಿದೆ ಅಂತ. ಸಿಮಿಲಿ ಅಂದ ಮೇಲೆ ಹೋಲಿಕೆ ಇರಲೇಬೇಕಲ್ಲ? ಮನೆಯನ್ನು ಮಳೆಗೆ ಹೋಲಿಸಲಾಗಿದೆ ಅಂತ ಬರೆದೆ. ಅದರ ಮುಂದಿನದಕ್ಕೂ ಅದನ್ನೇ ಹಿಡಿದುಕೊಂಡು ಅರ್ಧ ಪುಟ. ಒಟ್ಟು ಐದು ಅಂಕ ಹೋಯಿತು.

ಎಲ್ಲಿ ತಪ್ಪಿದೆ ಅಂತ ಬಿಡಿಸಿ ಹೇಳುತ್ತೇನೆ. ಅಲ್ಲಿ ಆ್ಯಸ್ ಅಂದರೆ 'ಹಾಗೆ' ಅಲ್ಲ, 'ಆಗ'. ಮಳೆ ಸುರಿಯುತ್ತಿದ್ದಂತೆ ಹಳೇ ಮನೆ ಅತ್ತಿತು. ನಮ್ಮ 'ಅಂತೆ'ಯನ್ನೇ ನೋಡಿ. 'ಮದಗಜಗಳಂತೆ ಹೋರಾಡಿದರು' ಅಂದರೆ ಹೋಲಿಕೆ. 'ಸುರಿಯುತ್ತಿದ್ದಂತೆ' ಅಂದರೆ ಹೊತ್ತು. 'ಊರಿಗೆ ಹೋದನಂತೆ' ಅಂದರೆ ಯಾರೋ ಹೇಳಿದ ಸುದ್ದಿ. ಇವು ಮೂರರಲ್ಲಿ ನಮಗೆ ಯಾವತ್ತಾದರೂ ಗೊಂದಲ ಆಗಿದೆಯಾ? ಕನ್ನಡದಲ್ಲಿ ಅರ್ಥ ನೋಡುತ್ತೇವೆ. ಇಂಗ್ಲಿಷ್‌ನಲ್ಲಿ ನಾನು ಸುಮ್ನೆ ಪದ ಹುಡುಕಿದೆ. ಆ ಸಾಲಿನಲ್ಲಿದ್ದದ್ದು ಪರ್ಸಾನಿಫಿಕೇಶನ್. ಮನೆಗೆ ಮನುಷ್ಯರ ಅಳು ಬಂದಿದೆ, ಸೂರಿನಿಂದ ತೊಟ್ಟಿಕ್ಕುವ ನೀರೇ ಕಣ್ಣೀರು. ನಮ್ಮಜ್ಜಿಯದು ಹಂಚಿನ ಮನೆ. ಮಳೆಗಾಲದಲ್ಲಿ ಸೋರುವ ಕಡೆಯೆಲ್ಲ ಪಾತ್ರೆ ಇಡುವುದು ನನ್ನ ಕೆಲಸ. ಅಂಥ ನನಗೇ ಆ ಸಾಲು ಕಾಣಲಿಲ್ಲವಲ್ಲ ಅಂತ ಇವತ್ತಿಗೂ ಬೇಜಾರಾಗುತ್ತದೆ.

ಹಾಗಾಗಿ ಸೂತ್ರ ಕೇಳಬೇಡಿ. ಕನ್ನಡ ಪರೀಕ್ಷೆಗೆ ಅಲಂಕಾರ ಕಲಿತಿದ್ದೀರಲ್ಲ, ಅದನ್ನೇ ಇಲ್ಲಿಗೆ ತನ್ನಿ. ಪೋರ್ಷಿಯಾ ಸಾಲಿನಲ್ಲಿ ದಯೆ ಉಪಮೇಯ, ಮಳೆ ಉಪಮಾನ, ಆ್ಯಸ್ ಉಪಮಾವಾಚಕ, ಮೇಲಿಂದ ಇಳಿಯುವುದು ಸಮಾನಧರ್ಮ. ಅಳುವ ಮನೆಯ ಸಾಲಿನಲ್ಲಿ ಹೀಗೆ ಹುಡುಕಿದ್ದರೆ ಉಪಮಾನವೇ ಸಿಗುತ್ತಿರಲಿಲ್ಲ, ನಾನು ಅಲ್ಲೇ ನಿಲ್ಲುತ್ತಿದ್ದೆ.

ಮೆಟಫರ್ ನಮ್ಮ ರೂಪಕ, 'ಹಾಗೆ' ಅನ್ನದೆ ಒಂದನ್ನು ಇನ್ನೊಂದೇ ಅಂದುಬಿಡುವುದು. ಅದೇ ಪೋರ್ಷಿಯಾ ಮುಂದೆ 'ಮರ್ಸಿ ಸೀಸನ್ಸ್ ಜಸ್ಟಿಸ್' ಅನ್ನುತ್ತಾಳೆ. ಈ ಸೀಸನ್ ಮಳೆಗಾಲ, ಚಳಿಗಾಲದ್ದಲ್ಲ. ಅಡುಗೆಮನೆಯದು, ಉಪ್ಪು ಖಾರ ಹಾಕಿ ರುಚಿ ಕೂಡಿಸುವುದು. ನ್ಯಾಯ ಸಪ್ಪೆ ಸಾರು, ದಯೆ ಅದಕ್ಕೆ ಬೀಳುವ ಉಪ್ಪು. ಇಷ್ಟು ಕಂಡ ಮೇಲೆ ಹೆಸರು ತಾನಾಗಿ ನೆನಪಿರುತ್ತದೆ.

ಅಲಿಟರೇಶನ್ ಒಂದರಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಅದು ಅನುಪ್ರಾಸದ ಜಾತಿ, ಅಂದರೆ ಹತ್ತಿರದ ಪದಗಳು ಒಂದೇ ಸದ್ದಿನಿಂದ ಶುರುವಾಗುವುದು. ಆದರೆ ಇಂಗ್ಲಿಷ್ ಸ್ಪೆಲ್ಲಿಂಗ್ ಮೋಸ ಮಾಡುತ್ತದೆ. ಅನುಮಾನ ಬಂದರೆ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದು ನೋಡಿ. ನೈಫ್, ನೀ ಎರಡೂ ಸ್ಪೆಲ್ಲಿಂಗಿನಲ್ಲಿ 'ಕೆ'ಯಿಂದ ಶುರುವಾದರೂ ಅವು ಸೇರುವುದು 'ಎನ್'ನಿಂದ ಶುರುವಾಗುವ ನೈಟ್ (ರಾತ್ರಿ) ಜೊತೆಗೆ, ಕಿಂಗ್ ಜೊತೆಗಲ್ಲ.