ಬೀಪ್ ಹಾಕಿದ ಮಾತ್ರಕ್ಕೆ ಬೈಗುಳ ಮುಚ್ಚಿಹೋಗುತ್ತಾ?

(ದಾವಣಗೆರೆ ವಿದ್ಯಾನಗರದ ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ. ಅವರು ಬೇಡ ಎಂದಿದ್ದಕ್ಕೆ ಹೆಸರು ಹಾಕಿಲ್ಲ. ಪತ್ರದ ಸಾರ ಇಷ್ಟು: ರಾತ್ರಿ ಎಂಟೂವರೆಗೆ ಮನೆಮಂದಿಯೆಲ್ಲ ಊಟಕ್ಕೆ ಕೂತಿದ್ದರು. ಟಿವಿಯಲ್ಲಿ ಒಂದು ರಿಯಾಲಿಟಿ ಶೋ. ಇಬ್ಬರ ಜಗಳ, ಮಾತಿಗೊಂದು ಬೀಪ್. ಒಂಬತ್ತು ವರ್ಷದ ಮಗ ಬೀಪ್ ಬಂದಲ್ಲೆಲ್ಲ ಆ ಪದವನ್ನು ತಾನೇ ಹೇಳಿ ನಕ್ಕ. ಅತ್ತೆ ಊಟ ಬಿಟ್ಟು ಎದ್ದರು. "ಸಿನಿಮಾಕ್ಕೆ ಸೆನ್ಸಾರ್ ಇದೆ, ಟಿವಿಗೆ ಯಾಕಿಲ್ಲ? ಸರ್ಕಾರ ಬೈಗುಳಗಳ ಪಟ್ಟಿ ಮಾಡಿ, ಅದರಲ್ಲಿರೋ ಪದ ಬಂದರೆ ಚಾನೆಲ್ಲನ್ನೇ ಬಂದ್ ಮಾಡಿಸಬಾರದಾ? ಪತ್ರಿಕೆಯವರು ನೀವ್ಯಾಕೆ ಸುಮ್ನಿದ್ದೀರಿ?")

ಅಕ್ಕಾವ್ರೆ,

ನಿಮ್ಮ ಪತ್ರ ಓದಿ ಆಫೀಸಲ್ಲಿ ಎಲ್ಲರೂ ಮೊದಲು ನಕ್ಕರು. ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ಬೇಗ ನಗು ನಿಲ್ಲಿಸಿದರು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ನೀವು ಹೇಳಿದ ಮದ್ದು ನನಗೆ ಒಪ್ಪಿಗೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಜಾರಿಕೊಂಡ ಅಂತ ಆಮೇಲೆ ಅನ್ನಬೇಡಿ.

ಟಿವಿಗೆ ಕಾನೂನೇ ಇಲ್ಲ ಅಂತ ನೀವು ಅಂದುಕೊಂಡಿದ್ದೀರಿ. ಇದೆ, ಅದೂ ಮೂವತ್ತು ವರ್ಷದಿಂದ. 1995ರ ಕೇಬಲ್ ಟಿವಿ ಕಾಯ್ದೆ, ಅದರ ಜೊತೆಗೆ 1994ರ ನಿಯಮಗಳು. (ನಿಯಮ ಕಾಯ್ದೆಗಿಂತ ಮೊದಲೇ ಹೇಗೆ ಹುಟ್ಟಿತು ಅನ್ನಬೇಡಿ, ಮೊದಲು ಸುಗ್ರೀವಾಜ್ಞೆ ಬಂದಿತ್ತು.) ಆ ನಿಯಮಗಳಲ್ಲಿ 6ನೆಯದು ಪ್ರೋಗ್ರಾಂ ಕೋಡ್. ಸದಭಿರುಚಿಗೆ, ಸಭ್ಯತೆಗೆ ಧಕ್ಕೆ ತರುವ ಕಾರ್ಯಕ್ರಮ ಹಾಕುವಂತಿಲ್ಲ. ಮಕ್ಕಳ ಕಾರ್ಯಕ್ರಮದಲ್ಲಿ ಕೆಟ್ಟ ಮಾತು ಇರಬಾರದು. ಮಕ್ಕಳು ಜಾಸ್ತಿ ಟಿವಿ ನೋಡುವ ಹೊತ್ತಲ್ಲಿ ಅವರಿಗೆ ತಕ್ಕದಲ್ಲದ್ದು ಬರಬಾರದು. ರಾತ್ರಿ ಎಂಟೂವರೆ ಮಕ್ಕಳು ನೋಡುವ ಹೊತ್ತಲ್ಲದೆ ಇನ್ಯಾವುದು ಹೇಳಿ? ನಿಮ್ಮ ಮನೆಯಲ್ಲಿ ಆ ದಿನ ಆಗಿದ್ದು ಈಗಿರುವ ನಿಯಮದಲ್ಲೇ ದೂರು ಕೊಡಬಹುದಾದ ವಿಷಯ.

ಸೆನ್ಸಾರ್ ವಿಷಯಕ್ಕೆ ಬರೋಣ. ಟಿವಿಯಲ್ಲಿ ಬರುವ ಸಿನಿಮಾಕ್ಕೂ ಸೆನ್ಸಾರ್ ಇದ್ದೇ ಇದೆ. 'ಎ' ಸರ್ಟಿಫಿಕೇಟ್ ಸಿನಿಮಾ ಇದ್ದ ಹಾಗೇ ಹಾಕುವಂತಿಲ್ಲ, ಕತ್ತರಿಸಿ ಬೇರೆ ಸರ್ಟಿಫಿಕೇಟ್ ತಗೋಬೇಕು. ಧಾರಾವಾಹಿ, ರಿಯಾಲಿಟಿ ಶೋ, ಸುದ್ದಿಗೆ ಮಾತ್ರ ಮೊದಲೇ ನೋಡಿ ಪಾಸು ಮಾಡುವ ವ್ಯವಸ್ಥೆ ಇಲ್ಲ. ದೇಶದಲ್ಲಿ ಖಾಸಗಿ ಸ್ಯಾಟಲೈಟ್ ಚಾನೆಲ್‌ಗಳೇ 900ರ ಆಸುಪಾಸು ಇವೆ, ಒಂದೊಂದೂ ದಿನಪೂರ್ತಿ ಓಡುತ್ತದೆ. ಅಷ್ಟನ್ನೂ ಮೊದಲೇ ಕೂತು ನೋಡುವವರು ಯಾರು? ಸಂಜೆಯ ಸುದ್ದಿ ಚರ್ಚೆಯಲ್ಲಿ ಅತಿಥಿಗಳು ಒಬ್ಬರನ್ನೊಬ್ಬರು ಬೈದುಕೊಳ್ಳುವುದು ಲೈವ್‌ನಲ್ಲಿ, ಅದನ್ನು ಮೊದಲೇ ನೋಡೋಕೆ ಯಾರಿಂದಲೂ ಆಗಲ್ಲ. ಪ್ರಸಾರ ಆದ ಮೇಲೆ ಗಮನಿಸುವುದಕ್ಕೆ ದೆಹಲಿಯಲ್ಲಿ 2008ರಿಂದ ಒಂದು ಕೇಂದ್ರವೇ ಇದೆ.

ಪಟ್ಟಿ ಮಾಡಿ, ಶಿಕ್ಷೆ ಕೊಡಿ ಅಂದ್ರಲ್ಲ, ಅಮೆರಿಕದವರು ಆ ದಾರಿಯಲ್ಲಿ ಬಹಳ ದೂರ ಹೋಗಿ ನೋಡಿದ್ದಾರೆ. 1973ರ ಅಕ್ಟೋಬರ್ 30, ಮಧ್ಯಾಹ್ನ 2 ಗಂಟೆ. ನ್ಯೂಯಾರ್ಕಿನ ಒಂದು ರೇಡಿಯೋ ಕೇಂದ್ರ ಜಾರ್ಜ್ ಕಾರ್ಲಿನ್ ಎಂಬ ಹಾಸ್ಯಗಾರನ ಬೈಗುಳ ತುಂಬಿದ ಮಾತನ್ನು ಹಾಕಿತು. ಕಾರಿನಲ್ಲಿ ಮಗನ ಜೊತೆ ಹೋಗುತ್ತಿದ್ದ ಒಬ್ಬ ಅಪ್ಪ ಅದನ್ನು ಕೇಳಿಸಿಕೊಂಡು, ನಿಮ್ಮ ಹಾಗೇ ಸಿಟ್ಟಾಗಿ, ಎಫ್‌ಸಿಸಿ ಎಂಬ ಸರ್ಕಾರಿ ಆಯೋಗಕ್ಕೆ ದೂರು ಬರೆದ. ಒಂದೇ ದೂರು. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1978ರಲ್ಲಿ ಕೋರ್ಟು 5-4ರಲ್ಲಿ ಆಯೋಗದ ಪರ ನಿಂತಿತು. ಪ್ರಸಾರ ಮನೆಯೊಳಗೇ ಬರುತ್ತದೆ, ಮಕ್ಕಳಿಗೂ ಸಿಗುತ್ತದೆ, ಹಾಗಾಗಿ ಅದಕ್ಕೆ ಬೇರೆ ಲೆಕ್ಕ ಅನ್ನುವುದು ಕೋರ್ಟಿನ ವಾದ. ಈಗಲೂ ಅಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಿಟ್ಟು ಉಳಿದ ಹೊತ್ತಲ್ಲಿ ರೇಡಿಯೋ, ಟಿವಿ ಪ್ರಸಾರದಲ್ಲಿ ಅಂಥ ಮಾತು ಬರುವಂತಿಲ್ಲ. ತಮಾಷೆ ಅಂದರೆ ಕೇಬಲ್ ಚಾನೆಲ್‌ಗಳಿಗೆ ಈ ನಿಯಮ ತಾಗುವುದಿಲ್ಲ.

ಆಮೇಲೆ ದಂಡ ಜಾಸ್ತಿ ಮಾಡಿದರು. 2006ರಲ್ಲಿ ಒಂದೇ ಸಲಕ್ಕೆ ಹತ್ತು ಪಟ್ಟು ಏರಿಸಿ, ಒಂದು ತಪ್ಪಿಗೆ 3,25,000 ಡಾಲರ್‌ವರೆಗೆ ಅಂತ ಮಾಡಿದರು. ಅದಕ್ಕೂ ಮೊದಲೇ ಚಾನೆಲ್‌ಗಳಿಗೆ ಹೆದರಿಕೆ ಹತ್ತಿತ್ತು, ಯಾಕೆಂದರೆ 2003ರ ಒಂದು ಪ್ರಶಸ್ತಿ ಸಮಾರಂಭದಲ್ಲಿ ಗಾಯಕನೊಬ್ಬ ಖುಷಿಗೆ ಆಡಿದ ಒಂದು ಕೆಟ್ಟ ಪದವನ್ನು ಆಯೋಗದ ಅಧಿಕಾರಿಗಳು ಮೊದಲು ಪರವಾಗಿಲ್ಲ ಅಂದು, ಮರುವರ್ಷ ಆಯೋಗವೇ ಅದು ತಪ್ಪು ಅಂದಿತ್ತು. ಯಾವುದು ಸರಿ, ಯಾವುದು ತಪ್ಪು ಯಾರಿಗೂ ಗೊತ್ತಿಲ್ಲ. 2004ರಲ್ಲಿ ಎರಡನೇ ಮಹಾಯುದ್ಧದ ಒಂದು ಹೆಸರಾಂತ ಸಿನಿಮಾವನ್ನು ಎಬಿಸಿ ಜಾಲದ 60ಕ್ಕೂ ಹೆಚ್ಚು ಕೇಂದ್ರಗಳು ಹಾಕದೆ ಬಿಟ್ಟವು. ಅದೂ ಮಾಜಿ ಸೈನಿಕರ ದಿನದಂದು. ಕಾರಣ? ಸಿನಿಮಾದಲ್ಲಿ ಸೈನಿಕರು ಗುಂಡೇಟಿನ ನಡುವೆ ಬೈಗುಳ ಆಡುತ್ತಾರೆ. ಆ ಸಿನಿಮಾದಲ್ಲಿ ತಪ್ಪೇನೂ ಇಲ್ಲ ಅಂತ ಆಯೋಗ ಹೇಳಿದ್ದು ಮರುವರ್ಷ. 2012ರಲ್ಲಿ ಸುಪ್ರೀಂ ಕೋರ್ಟು, ಮೊದಲೇ ಸರಿಯಾಗಿ ತಿಳಿಸದೆ ಶಿಕ್ಷಿಸುವಂತಿಲ್ಲ ಅಂತ ಹೇಳಿ ಚಾನೆಲ್‌ಗಳ ಮೇಲಿನ ಕ್ರಮವನ್ನು ತೆಗೆದುಹಾಕಿತು. ಇಷ್ಟಾದ ಮೇಲೂ ಅಲ್ಲಿನ ಮಕ್ಕಳು ಬೈಗುಳ ಕಲಿಯುವುದು ನಿಂತಿಲ್ಲ ಅನ್ನಿ.

ಅದು ದೂರದ ಮಾತು ಅಂತೀರಾ? ಇಲ್ಲಿಯದೇ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಕೇರಳದ ಎರಡು ಮಲಯಾಳಂ ಚಾನೆಲ್‌ಗಳನ್ನು 48 ಗಂಟೆ ಬಂದ್ ಮಾಡಿ ಅಂತ ಕೇಂದ್ರದಿಂದ ಆದೇಶ ಬಂತು. ಬೈಗುಳಕ್ಕಲ್ಲ, ದೆಹಲಿ ಗಲಭೆಯ ವರದಿಗೆ. ತೋರಿಸಿದ ಕಾರಣ ಇದೇ ಪ್ರೋಗ್ರಾಂ ಕೋಡ್, ಇದೇ 6ನೇ ನಿಯಮ. ಗಲಾಟೆಯಾಗಿ ಅವಧಿ ಮುಗಿಯುವ ಮೊದಲೇ ಆದೇಶ ವಾಪಸ್ಸಾಯಿತು. ನಿಮ್ಮ ಮಗನ ಬಾಯಿ ಕೆಡದಿರಲಿ ಅಂತ ಚಾನೆಲ್ ಬಂದ್ ಮಾಡುವ ಅಧಿಕಾರವನ್ನು ಇನ್ನೂ ಜಾಸ್ತಿ ಮಾಡಿದರೆ, ಅದು ಮೊದಲು ಬೀಳುವುದು ಯಾರ ಮೇಲೆ ಅಂತ ನನಗೆ ಅನುಮಾನವಿಲ್ಲ. ಹೌದು, ನಾನೂ ಪತ್ರಿಕೆಯವನು, ಇದರಲ್ಲಿ ನನ್ನ ಸ್ವಾರ್ಥವೂ ಇದೆ.

ಕೋರ್ಟಿಗೆ ಹೋಗಿ ಅಶ್ಲೀಲ ಅಂತ ಕೇಸು ಹಾಕಿಸುವ ಯೋಚನೆಯೂ ಬೇಡ. 2024ರ ಮಾರ್ಚ್‌ನಲ್ಲಿ ಒಂದು ವೆಬ್ ಸೀರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೈಗುಳ, ಒರಟು ಮಾತು ಇದ್ದ ಮಾತ್ರಕ್ಕೆ ಅದು ಅಶ್ಲೀಲ ಆಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿದೆ. ಕೇಳಿ ಅಸಹ್ಯ ಆಗಬಹುದು, ಅದು ಬೇರೆ. ನನಗೆ ಆ ತೀರ್ಪು ಸರಿ ಅನ್ನಿಸುತ್ತದೆ.

ಬೈಗುಳ ನಮ್ಮೂರಿಗೆ ಹೊಸದೇನೂ ಅಲ್ಲವಲ್ಲ. ಸಂಜೆ ಯಾವುದಾದರೂ ಮಂಡಕ್ಕಿ-ಮಿರ್ಚಿ ಗಾಡಿ ಹತ್ತಿರ ನಿಂತುಕೊಳ್ಳಿ. ಕಾಲೇಜು ಹುಡುಗರು ಮಿರ್ಚಿ ಕಚ್ಚುತ್ತಾ ಬಾಯಿಗೆ ಬಂದಿದ್ದು ಬೈದುಕೊಳ್ಳುತ್ತಿರುತ್ತಾರೆ, ಪ್ರೀತಿಯಿಂದಲೇ. ಅಷ್ಟರಲ್ಲಿ ಹಳೇ ಮೇಷ್ಟ್ರು ಬಂದು ಸ್ಕೂಟರ್ ನಿಲ್ಲಿಸಿದರೆ ಎಲ್ಲರ ಬಾಯೂ ಬಂದ್. "ನಮಸ್ಕಾರ ಸಾರ್." ಮೇಷ್ಟ್ರು ಮಿರ್ಚಿ ಕಟ್ಟಿಸಿಕೊಂಡು ಆ ಕಡೆ ತಿರುಗಿದರೋ ಇಲ್ಲವೋ, ಮತ್ತೆ ಶುರು. ಕಂಪನಿ ನಾಟಕದವರೂ ಜಾತ್ರೆಯಲ್ಲಿ ಟೆಂಟ್ ಹಾಕಿ ಹಾಸ್ಯಗಾರನ ಬಾಯಲ್ಲಿ ಎರಡರ್ಥದ ಮಾತು ಆಡಿಸುತ್ತಾರೆ. ಟಿಕೆಟ್ ತಗೊಂಡವರು ಏನಿರುತ್ತೆ ಅಂತ ಗೊತ್ತಿದ್ದೇ ಒಳಗೆ ಹೋಗುತ್ತಾರೆ. ಟಿವಿಗೆ ಎದುರಿಗೆ ಮೇಷ್ಟ್ರು ಕೂತಿದ್ದಾರೋ, ಅಜ್ಜಿ ಕೂತಿದ್ದಾರೋ, ಒಂಬತ್ತು ವರ್ಷದ ಹುಡುಗ ಕೂತಿದ್ದಾನೋ ಗೊತ್ತಾಗುವುದಿಲ್ಲ. ಹಾಗಾಗಿ ಟಿವಿಗೆ ಬೇಕಾದ ಕಟ್ಟುಪಾಡು ಗಡಿಯಾರದ್ದು. ಪದಗಳ ಪಟ್ಟಿಯಿಂದ ಆ ಕೆಲಸ ಆಗಲ್ಲ.

ಬ್ರಿಟನ್ನಿನಲ್ಲಿ ರಾತ್ರಿ 9ಕ್ಕೆ ಒಂದು ಗೆರೆ ಎಳೆದಿದ್ದಾರೆ. ಅದಕ್ಕೆ ಮೊದಲು ತೀರಾ ಕೆಟ್ಟ ಬೈಗುಳ ಬರುವಂತಿಲ್ಲ. ಯಾವ ಪದ ಎಷ್ಟು ಚುಚ್ಚುತ್ತದೆ ಅಂತ ಅಲ್ಲಿ ಪ್ರಸಾರದ ಮೇಲೆ ಕಣ್ಣಿಡುವ ಆಫ್‌ಕಾಮ್ ಸಂಸ್ಥೆ ಆಗಾಗ ಜನರನ್ನೇ ಕೇಳುತ್ತದೆ. ನಮ್ಮಲ್ಲೂ ಚಾನೆಲ್‌ಗಳು ತಾವೇ ಒಪ್ಪಿಕೊಂಡ ಒಂದು ಮಾರ್ಗಸೂಚಿ ಇದೆ: ದೊಡ್ಡವರಿಗೆ ಮಾತ್ರ ಅನ್ನುವಂಥದ್ದು ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ. ಒಪ್ಪಿಕೊಂಡದ್ದು ಅಷ್ಟೆ. 2010ರಲ್ಲಿ ಕೇಂದ್ರ ಸರ್ಕಾರ ಎರಡು ಹಿಂದಿ ಶೋಗಳನ್ನು 11ರ ನಂತರ ಹಾಕಿ ಅಂತ ಇದ್ದಕ್ಕಿದ್ದಂತೆ ಆದೇಶ ಮಾಡಿತು, ಒಂದು ಚಾನೆಲ್ ಬಾಂಬೆ ಹೈಕೋರ್ಟಿಗೆ ಹೋಗಿ ತಡೆ ತಂದಿತು. ಒಂದೊಂದು ಶೋಗೆ ಒಂದೊಂದು ಆದೇಶ ಮಾಡುತ್ತಾ ಹೋದರೆ ಇದೇ ಪಾಡು. ಆ 11ರ ಗೆರೆಯನ್ನೇ ನಿಯಮದಲ್ಲಿ ಬರೆಯಲಿ, ಎಲ್ಲರಿಗೂ ಒಂದೇ ಗೆರೆ. ಪ್ರೋಮೋಗಳನ್ನೂ ಅದರಲ್ಲಿ ಸೇರಿಸಲಿ. ಜಗಳದ ತುಣುಕನ್ನು ಬೀಪ್ ಹಾಕಿ ಬೆಳಗಿನಿಂದ ಸಂಜೆವರೆಗೆ ಪ್ರೋಮೋ ಮಾಡಿ ತೋರಿಸುವುದೇ ದೊಡ್ಡ ರೋಗ. ಬೀಪ್ ಇರುವುದು ಬೈಗುಳ ಮುಚ್ಚೋಕಲ್ಲ, ಇಲ್ಲೊಂದು ಬೈಗುಳ ಇದೆ ನೋಡಿ ಅಂತ ಕೂಗಿ ಕರೆಯೋಕೆ. ನಿಮ್ಮ ಮಗ ಅದನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದಾನೆ!

ನಿಮ್ಮ ಪತ್ರದಲ್ಲಿಲ್ಲದ ಒಂದು ಮಾತು ಸೇರಿಸುತ್ತೇನೆ. ಒಂದೂ ಬೈಗುಳ ಇಲ್ಲದೆ ಮನುಷ್ಯರನ್ನು ಹೀನಾಯ ಮಾಡುವ ಕಾರ್ಯಕ್ರಮಗಳು ನನಗೆ ಜಾಸ್ತಿ ಸಿಟ್ಟು ತರಿಸುತ್ತವೆ. ಕಾಮಿಡಿ ಶೋದಲ್ಲಿ ನಮ್ಮ ಕಡೆ ಮಾತು ಆಡುವವನು ಯಾವಾಗಲೂ ಪೆದ್ದ ಅಥವಾ ಮನೆ ಕೆಲಸದವನು. ದಪ್ಪಗಿರುವವಳು ಬಂದರೆ ಹಿಂದಿನಿಂದ ಆನೆ ಘೀಳಿಡುವ ಸದ್ದು. ಇದಕ್ಕೆ ಯಾರೂ ಬೀಪ್ ಹಾಕಲ್ಲ, ಮನೆಮಂದಿಯೆಲ್ಲ ಕೂತು ನಗುತ್ತೇವೆ. ಯಾವುದೇ ಭಾಷೆಯ, ಪ್ರದೇಶದ ಜನರನ್ನು ಅಣಕಿಸಿ ಕೀಳಾಗಿ ತೋರಿಸುವಂತಿಲ್ಲ ಅಂತಲೂ ಅದೇ 6ನೇ ನಿಯಮದಲ್ಲಿ ಬರೆದಿದೆ. ಅದನ್ನು ಹಿಡಿದು ದೂರು ಕೊಟ್ಟೆ ಅಂತ ಇದುವರೆಗೆ ಒಬ್ಬ ಓದುಗರೂ ನಮಗೆ ಬರೆದಿಲ್ಲ.

ದೂರು ಕೊಡುವುದು ಹೇಗೆ ಅಂತ ಹೇಳುತ್ತೇನೆ, ಪತ್ರಿಕೆಯವರ ಕೈಯಲ್ಲಿ ಆಗುವುದು ಇದೇ. 2021ರ ಜೂನ್‌ನಲ್ಲಿ ನಿಯಮ ತಿದ್ದಿ ಮೂರು ಮೆಟ್ಟಿಲು ಮಾಡಿದ್ದಾರೆ. ಮೊದಲು ಚಾನೆಲ್‌ಗೇ ಬರೆಯಬೇಕು, ಅವರಲ್ಲಿ ದೂರಿಗಂತಲೇ ಒಬ್ಬ ಅಧಿಕಾರಿ ಇರಬೇಕು. ದೂರು ತಲುಪಿತು ಅಂತ 24 ಗಂಟೆಯಲ್ಲಿ, ಏನು ಮಾಡಿದೆವು ಅಂತ 15 ದಿನದಲ್ಲಿ ತಿಳಿಸಬೇಕು. ಸಮಾಧಾನ ಆಗದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಮಂಡಳಿಗೆ ಹೋಗಬಹುದು. ಮನರಂಜನೆ ಚಾನೆಲ್‌ಗಳಿಗೆ 2011ರಿಂದ ಬಿಸಿಸಿಸಿ ಅಂತ ಇದೆ. ಅವರಿಗೆ 60 ದಿನದ ಗಡುವು. ಅಲ್ಲೂ ಆಗದಿದ್ದರೆ ಕೇಂದ್ರ ಸರ್ಕಾರದ ಸಮಿತಿ. ಚಾನೆಲ್‌ನವರದೇ ಮಂಡಳಿ, ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗಲ್ವಾ ಅಂತೀರಿ. ಸ್ವಲ್ಪ ಹಾಗೇ. ಆದರೆ ಅದರ ಅಧ್ಯಕ್ಷರಾಗಿ ಕೂರುವವರು ನಿವೃತ್ತ ನ್ಯಾಯಮೂರ್ತಿ, ಮತ್ತು ಪರದೆಯ ಮೇಲೆ ಕ್ಷಮೆ ಕೇಳುವ ಸಾಲು ಓಡಿಸಿ, ಹೊತ್ತು ಬದಲಿಸಿ ಅಂತ ಹೇಳುವ ಅಧಿಕಾರ ಅವರಿಗಿದೆ.

ಜಿಲ್ಲೆಯಲ್ಲೂ ಡಿಸಿ ಅಧ್ಯಕ್ಷತೆಯ ಒಂದು ಟಿವಿ ಮಾನಿಟರಿಂಗ್ ಸಮಿತಿ ಇರಬೇಕು ಅಂತ ಕೇಂದ್ರದ ಆದೇಶವಿದೆ. ಎಸ್‌ಪಿ, ವಾರ್ತಾ ಇಲಾಖೆಯವರು, ಮಹಿಳಾ ಕಾಲೇಜಿನ ಪ್ರಿನ್ಸಿಪಾಲರೊಬ್ಬರು ಅದರಲ್ಲಿರುತ್ತಾರೆ. ಊರಿನ ಲೋಕಲ್ ಕೇಬಲ್ ಚಾನೆಲ್ ಮೇಲಿನ ದೂರಾದರೆ ಅಲ್ಲೇ ನೋಡುತ್ತಾರೆ, ಸ್ಯಾಟಲೈಟ್ ಚಾನೆಲ್ ಆದರೆ ಮೇಲಕ್ಕೆ ಕಳಿಸುತ್ತಾರೆ. ಕೇಬಲ್ ಹುಡುಗನ ಮೇಲೆ ಕೂಗಾಡಬೇಡಿ, ಪಾಪ, ಅವನ ಕೈಯಲ್ಲಿ ಏನೂ ಇಲ್ಲ. ಸೆಟ್ ಟಾಪ್ ಬಾಕ್ಸ್‌ನಲ್ಲಿ ಚಾನೆಲ್ ಲಾಕ್ ಮಾಡೋದು ಹೇಗೆ ಅಂತ ಅವನನ್ನೇ ಕೇಳಿ, ಬಂದು ಹಾಕಿಕೊಡುತ್ತಾನೆ.

ದೂರಿನಲ್ಲಿ "ನಮ್ಮ ಸಂಸ್ಕೃತಿ ಹಾಳಾಯಿತು" ಅಂತ ಎರಡು ಪುಟ ಬರೆಯಬೇಡಿ. ಚಾನೆಲ್, ಶೋ ಹೆಸರು, ತಾರೀಕು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಬಂತು, ಯಾರು ಏನಂದರು, ಮನೆಯಲ್ಲಿ ಯಾರ್ಯಾರು ನೋಡುತ್ತಿದ್ದರು, 6ನೇ ನಿಯಮದ ಯಾವ ಮಾತು ಮುರಿದಿದೆ. ಅಷ್ಟು ಸಾಕು. ಪದವನ್ನು ಇದ್ದ ಹಾಗೇ ಬರೆಯಿರಿ, ನಾಚಿಕೊಂಡು ಚುಕ್ಕೆ ಹಾಕಬೇಡಿ. ಒಂದು ಪ್ರತಿ ನಮಗೂ ಕಳಿಸಿ. ಚಾನೆಲ್‌ನವರು ಉತ್ತರ ಕೊಟ್ಟರೆ ಅದನ್ನು ಇದೇ ಪುಟದಲ್ಲಿ ಹಾಕುತ್ತೇವೆ. ಕೊಡದಿದ್ದರೆ 16ನೇ ದಿನ ಬೆಳಗ್ಗೆ ಆಫೀಸಿಗೆ ಬನ್ನಿ, ಬಿಸಿಸಿಸಿಗೆ ಹೋಗಬೇಕಾದ ಮೇಲ್ಮನವಿಯನ್ನು ಇಲ್ಲೇ ಕೂತು ಬರೆಯೋಣ. ಅತ್ತೆಯವರನ್ನೂ ಕರಕೊಂಡು ಬನ್ನಿ, ಅವರ ಸಹಿಯೂ ಇರಲಿ.

— ಸಂಪಾದಕ